ಅಧ್ಯಾಪಕರೂ ವಿದ್ಯಾರ್ಥಿಗಳ ಮನಃಸ್ವಾಸ್ಥ್ಯವೂ

ಬಂಟ್ವಾಳ ತಾಲ್ಲೂಕಿನ ವಾಮದಪದವಿನಲ್ಲಿ ಮಂಗಳೂರು ವಿಶ್ವವಿದ್ಯಾನಿಲಯಕ್ಕೆ ಸೇರಿದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿದೆ. ಇಂತಹ ಗ್ರಾಮಾಂತರ ಕಾಲೇಜುಗಳಲ್ಲಿ ವಿದ್ಯಾರ್ಥಿಯ ಮನಃಕ್ಲೇಶವನ್ನು ಮೊದಲು ಗುರುತಿಸಬಲ್ಲವರು ಅಧ್ಯಾಪಕರೇ. ಹಾಜರಿ ಪುಸ್ತಕದಲ್ಲಿ ಹಠಾತ್ತನೆ ಹೆಚ್ಚಿದ ಗೈರುಹಾಜರಿ, ಮುಂದಿನ ಬೆಂಚಿನಿಂದ ಹಿಂದಕ್ಕೆ ಸರಿದ ಹುಡುಗ, ಗೆಳತಿಯರೊಡನೆ ಮಾತು ನಿಲ್ಲಿಸಿದ ಹುಡುಗಿ: ಇವನ್ನು ಸೋಮಾರಿತನವೆಂದು ಗದರಿಸುವುದು ಸುಲಭ. ಏಕಾಂತದಲ್ಲಿ ಕುಳ್ಳಿರಿಸಿ, ಉಪದೇಶ ಮಾಡದೆ ಆಲಿಸುವುದು ಕಷ್ಟ. ಬೋಧನೆಯೇ ವೃತ್ತಿಯಾದವರಿಗಂತೂ ಇನ್ನೂ ಕಷ್ಟ!

ವಿದ್ಯಾರ್ಥಿಗಳ ಸಣ್ಣ ಗುಂಪೊಂದನ್ನು ಒಬ್ಬ ಅಧ್ಯಾಪಕರಿಗೆ ಒಪ್ಪಿಸುವ ಪದ್ಧತಿ ಅನೇಕ ಕಾಲೇಜುಗಳಲ್ಲಿ ರೂಢಿಯಲ್ಲಿದೆ. ಅದು ನಮೂನೆ ತುಂಬುವ ಕೆಲಸವಾಗಿಬಿಟ್ಟರೆ ವ್ಯರ್ಥ.

ಆದರೆ ಅಧ್ಯಾಪಕರು ಚಿಕಿತ್ಸಕರಾಗಲು ಹೊರಡಬಾರದು. ಬದುಕೇ ಬೇಡವೆಂಬ ಮಾತು ಕೇಳಿಬಂದಲ್ಲಿ, ಸಾಯುವ ಯೋಚನೆ ಇದೆಯೇ ಎಂದು ನೇರವಾಗಿಯೇ ವಿಚಾರಿಸಬೇಕು; ಹಾಗೆ ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟುವುದಿಲ್ಲ. ಅದನ್ನು ಗುಟ್ಟಾಗಿರಿಸದೆ, ವಿದ್ಯಾರ್ಥಿಯನ್ನು ಒಂಟಿಯಾಗಿ ಬಿಡದೆ, ಮನೋವೈದ್ಯರ ಬಳಿಗೆ ಕರೆದೊಯ್ಯಬೇಕು. 2022ರ ಅಕ್ಟೋಬರ್ 10ರಂದು ಆರಂಭವಾದ ಕೇಂದ್ರ ಸರ್ಕಾರದ ಟೆಲಿ-ಮಾನಸ್ ಸೇವೆಯಲ್ಲಿ 14416 ಸಂಖ್ಯೆಗೆ ಕರೆಮಾಡಿದರೆ ಹಗಲಿರುಳೂ ಉಚಿತವಾಗಿ, ಕನ್ನಡದಲ್ಲಿಯೇ ಸಲಹೆ ದೊರೆಯುತ್ತದೆ. ಆ ಸಂಖ್ಯೆ ಪ್ರಾಂಶುಪಾಲರ ಮೇಜಿನ ಮೇಲಿರುವುದಕ್ಕಿಂತ ವಿದ್ಯಾರ್ಥಿಗಳು ಓಡಾಡುವೆಡೆಯ ಸೂಚನಾ ಫಲಕದಲ್ಲಿರುವುದು ಲೇಸು.