ತಂಬೂರಿಯ ನಾಲ್ಕು ತಂತಿಗಳು

ಮಿರಜದಲ್ಲಿ ತಂತಿವಾದ್ಯಗಳನ್ನು ತಯಾರಿಸುವವರ ಓಣಿಯೊಂದಿದೆ. ಸತಾರ, ತಂಬೂರಿ ಮಾಡುವ ಮನೆತನಗಳು ಅಲ್ಲಿ ತಲೆಮಾರುಗಳಿಂದ ನೆಲೆಸಿವೆ. ಪಂಢರಪುರದ ಕಡೆ ಬೆಳೆದ ದೊಡ್ಡ ಬುರುಡೆಗಳು ಅಂಗಡಿಗಳಲ್ಲಿ ಒಣಗುತ್ತಿರುತ್ತವೆ. ಒಮ್ಮೆ ನನ್ನ ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದೊಯ್ದಿದ್ದೆ. ಕುಶಲಕರ್ಮಿಯೊಬ್ಬರು ಹೊಸ ತಂಬೂರಿಯನ್ನು ಮೀಟುತ್ತಲೇ ಇದ್ದರು. ಹಿಂದೆ ನಿಂತಿದ್ದ ಹುಡುಗನೊಬ್ಬ ಮೆಲ್ಲಗೆ, “ಸರ್, ಅದನ್ನ ಅದನ್ನ ಬಾರಿಸ್ತಾರಲ್ರಿ, ಬ್ಯಾಸರಾ ಬರೂದಿಲ್ಲೇನ್ರಿ?” ಎಂದು ಕೇಳಿದ.

ಅವನ ಪ್ರಶ್ನೆ ತಪ್ಪಲ್ಲ. ತಂಬೂರಿಯಲ್ಲಿ ಇರುವವು ನಾಲ್ಕೇ ತಂತಿಗಳು. ಸಾಮಾನ್ಯವಾಗಿ ಮೊದಲನೆಯದು ಪಂಚಮ, ನಡುವಿನ ಎರಡೂ ಷಡ್ಜ, ಕೊನೆಯದು ಕೆಳಗಿನ ಸಪ್ತಕದ ಷಡ್ಜ, ಅಂದರೆ ಖರ್ಜ. ಪ, ಸಾ, ಸಾ, ಸಾ, ಮತ್ತೆ ಅದೇ. ತಾಳವಿಲ್ಲ, ರಾಗವಿಲ್ಲ.

ಆದರೆ ಕಣ್ಣು ಮುಚ್ಚಿ ಐದು ನಿಮಿಷ ಕೇಳಿರಿ. ಯಾರೂ ಮೀಟದ ಸ್ವರವೊಂದು ಒಳಗಿನಿಂದ ಎದ್ದು ಬರುತ್ತದೆ. ಅದು ಗಾಂಧಾರ. ಗಾಯಕರು ಅದನ್ನು ಸ್ವಯಂಭೂ ಗಾಂಧಾರವೆನ್ನುತ್ತಾರೆ. ಖರ್ಜದ ತಂತಿ ಸೆಕೆಂಡಿಗೆ 100 ಸಲ ಕಂಪಿಸುತ್ತದೆಂದು ತಿಳಿಯೋಣ. ಅದೇ ಹೊತ್ತಿಗೆ ಅದು 200, 300, 400, 500 ಕಂಪನಗಳ ಸಣ್ಣ ದನಿಗಳನ್ನೂ ಹೊರಡಿಸುತ್ತದೆ. 200 ಮತ್ತು 400 ಷಡ್ಜಗಳು, 300 ಪಂಚಮ, 500 ಗಾಂಧಾರ. ಪಂಚಮದ ತಂತಿಯ ಉಪಸ್ವರಗಳಲ್ಲಿ ರಿಷಭವೂ ಅಡಗಿದೆ. ನಡುವಿನ ಎರಡು ತಂತಿಗಳ ಶ್ರುತಿಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಉಳಿದಿದ್ದರೆ ದನಿ ನಿಧಾನವಾಗಿ ಉಬ್ಬುತ್ತ ಇಳಿಯುತ್ತ ಅಲೆಯಾಗುತ್ತದೆ. ಹೀಗೆ ಒಂದರ ಮೇಲೊಂದು ಪದರ ಕೂಡುತ್ತದೆ.

ಉಳಿದ ತಂತಿವಾದ್ಯಗಳಲ್ಲೂ ಉಪಸ್ವರಗಳುಂಟು, ಇಷ್ಟು ಸ್ಪಷ್ಟವಾಗಿ ಕೇಳಿಸುವುದಿಲ್ಲ. ಇಲ್ಲಿಯ ಗುಟ್ಟು ಕುದುರೆಯಲ್ಲಿದೆ. ತಂತಿಗಳು ಹಾಯ್ದು ಹೋಗುವ ಆ ಅಗಲವಾದ ಪಟ್ಟಿ ಸಪಾಟಾಗಿ ಕಂಡರೂ ಅದಕ್ಕೆ ನವಿರಾದ ಬಾಗು ಇರುತ್ತದೆ. ತಂತಿಯ ಕೆಳಗೆ ಒಂದು ದಾರದ ಎಳೆಯನ್ನು ಸೇರಿಸಿ ಹಿಂದೆ ಮುಂದೆ ಸರಿಸಿದರೆ, ತಂತಿ ಕಂಪಿಸುವಾಗ ಕುದುರೆಯನ್ನು ಸವರಿ ಸವರಿ ಹೋಗುತ್ತದೆ. ಆಗ ದನಿಗೆ ಝೇಂಕಾರ ಬರುತ್ತದೆ. ಇದೇ ಜವಾರಿ. ಸರ್ ಸಿ. ವಿ. ರಾಮನ್ನರು 1921ರಲ್ಲಿಯೇ ಇದನ್ನು ಕುರಿತು ಬರೆದರು. ತಂತಿಯನ್ನು ಒಂದು ಗೊತ್ತಾದ ಬಿಂದುವಿನಲ್ಲಿ ಮೀಟಿದರೆ ಕೆಲವು ಉಪಸ್ವರಗಳು ಹುಟ್ಟಬಾರದೆಂದು ಹಳೆಯ ನಿಯಮ ಹೇಳುತ್ತಿತ್ತು. ತಂಬೂರಿಯಲ್ಲಿ ಅವೂ ಕೇಳಿಬರುತ್ತವೆಂದು ಅವರು ತೋರಿಸಿದರು.

ಮಿರಜದಲ್ಲಿ ಬಾಳಿದ ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂಖಾನರು ಇಂಥ ತಂಬೂರಿಯ ನಾದದಲ್ಲಿ ಕರಗಿ ಹಾಡುವವರು. ಸಾಂಗಲಿಯ ಕೃ. ಬ. ದೇವಲರು ಶ್ರುತಿಗಳನ್ನು ಅಳೆಯಲು ಹೊರಟಾಗ ಸ್ವರಗಳನ್ನು ಹಾಡಿ ತೋರಿಸಿದವರೂ ಅವರೇ. 1937ರಲ್ಲಿ ತೀರಿಕೊಂಡ ಅವರ ಸಮಾಧಿ ಮಿರಜದ ದರ್ಗಾದ ಆವರಣದಲ್ಲಿದೆ. ನಮ್ಮ ಕುಂದಗೋಳದ ಸವಾಯಿ ಗಂಧರ್ವರು ಅವರ ಶಿಷ್ಯರು.

ಅದೇ ಘರಾಣೆಯ ಪಂಡಿತ ಪ್ರಾಣನಾಥರು 1970ರಲ್ಲಿ ಅಮೆರಿಕೆಗೆ ಹೋದರು. ಅಲ್ಲಿ ‘ಮಿನಿಮಲಿಸ್ಟ್’ ಎಂಬ ಹೊಸ ಬಗೆಯ ಸಂಗೀತ ಆಗಲೇ ಹುಟ್ಟಿತ್ತು. ಟೆರಿ ರೈಲಿ 1964ರಲ್ಲಿ ರಚಿಸಿದ ‘ಇನ್ ಸಿ’ ಕೃತಿಯಲ್ಲಿ 53 ಪುಟ್ಟ ಸ್ವರಗುಚ್ಛಗಳಿವೆ. ಪ್ರತಿಯೊಬ್ಬ ವಾದಕನೂ ಒಂದೊಂದನ್ನು ತನಗೆ ಬೇಕಾದಷ್ಟು ಸಲ ನುಡಿಸಿ ಮುಂದೆ ಸಾಗುತ್ತಾನೆ. ಒಬ್ಬ ಮುಂದೆ, ಒಬ್ಬ ಹಿಂದೆ ಆಗುವುದರಿಂದ ಯಾರೂ ಬರೆಯದ ಹೆಣಿಗೆ ತಾನಾಗಿ ಮೂಡುತ್ತದೆ. ಒಂದೇ ಸ್ವರವನ್ನು ಬಹಳ ಹೊತ್ತು ಹಿಡಿದು ಕೇಳಿಸುತ್ತಿದ್ದವರು ಲಾ ಮಾಂಟೆ ಯಂಗ್. ಇಬ್ಬರೂ ಪ್ರಾಣನಾಥರ ಶಿಷ್ಯರಾಗಿ ತಂಬೂರಿ ಹಿಡಿದು ಕುಳಿತರು. ದಾರಿ ಬೇರೆಯಾದರೂ ಅವರು ಹುಡುಕುತ್ತಿದ್ದುದು ಇಲ್ಲಿ ಮೊದಲೇ ಇತ್ತು ಎಂದು ನನಗನಿಸುತ್ತದೆ.

ಮಿರಜದ ತಂಬೂರಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಆದರೆ ಈಗ ಪೆಟ್ಟಿಗೆಯ ತಂಬೂರಿಗಳೂ ಮೊಬೈಲಿನ ತಂಬೂರಿಗಳೂ ಬಂದಿವೆ. ಅವು ಅಗ್ಗ, ಶ್ರುತಿ ತಪ್ಪುವುದಿಲ್ಲ. ನಮ್ಮ ಶಾಲೆಯಲ್ಲೂ ಒಂದಿದೆ. ಆದರೆ ಬೆರಳಿನಿಂದ ಮೀಟಿದಾಗ ಒಂದು ಸುತ್ತಿನಂತೆ ಇನ್ನೊಂದು ಸುತ್ತು ಇರುವುದಿಲ್ಲ. ಜವಾರಿ ತೆಗೆಯುವ ಕೆಲಸಕ್ಕೆ ಅಳತೆಯ ಪಟ್ಟಿ ಸಾಲದು. ಕುದುರೆಯನ್ನು ತುಸುವೇ ಉಜ್ಜಬೇಕು, ತಂತಿ ಏರಿಸಿ ಕೇಳಬೇಕು, ಮತ್ತೆ ಉಜ್ಜಬೇಕು. ಹೆಚ್ಚು ಉಜ್ಜಿದರೆ ಕೆಟ್ಟಿತು. ಅದನ್ನು ಕಿವಿಯಿಂದಲೇ ಕಲಿಯಬೇಕು, ಅದಕ್ಕೆ ವರ್ಷಗಳು ಹಿಡಿಯುತ್ತವೆ.

ಅಂದು ಆ ಕುಶಲಕರ್ಮಿ ಹುಡುಗನ ಮಾತು ಕೇಳಿಸಿಕೊಂಡಿದ್ದರು. ಅವನನ್ನು ಹತ್ತಿರ ಕರೆದು ತಂಬೂರಿಯ ಬುರುಡೆಗೆ ಕಿವಿ ಹಚ್ಚಲು ಹೇಳಿ ನಾಲ್ಕೂ ತಂತಿಗಳನ್ನು ಮೀಟತೊಡಗಿದರು. ನಾವು ಹೊರಡಲು ಎದ್ದಾಗಲೂ ಹುಡುಗ ಅಲ್ಲೇ ಕುಳಿತಿದ್ದ.