ಮೂಗಿನ ದಾರಿಯ ಆಪರೇಷನ್: ಸುಜೂದ್, ನೋಂಬಿನ ಬಗ್ಗೆ ಮೊದಲೇ ಕೇಳಿ

"ತಲೆಯೊಳಗೆ ಗಡ್ಡೆ ಉಂಟು" ಎಂದು ಡಾಕ್ಟರ್ ಹೇಳಿದರೆ ಮನೆಮಂದಿಯ ಕೈಕಾಲು ತಣ್ಣಗಾಗುತ್ತದೆ. ಆದರೆ ಪಿಟ್ಯುಟರಿ ಗ್ರಂಥಿಯ ಗಡ್ಡೆಗಳಲ್ಲಿ ಬಹುತೇಕ ಕ್ಯಾನ್ಸರ್ ಅಲ್ಲ. ಮೂಗಿನ ಹಿಂದೆ, ಮೆದುಳಿನ ಕೆಳಗಿರುವ ಬಟಾಣಿ ಗಾತ್ರದ ಈ ಗ್ರಂಥಿ ದೇಹದ ಹಲವು ಹಾರ್ಮೋನುಗಳನ್ನು ಹತೋಟಿಯಲ್ಲಿಡುತ್ತದೆ. ಬಿಡದ ತಲೆನೋವು, ಬದಿಯ ನೋಟ ಮಸುಕಾಗುವುದು, ಮುಟ್ಟು ನಿಲ್ಲುವುದು, ಉಂಗುರ ಬಿಗಿಯಾಗಿ ಚಪ್ಪಲಿಯ ಅಳತೆ ಹೆಚ್ಚುವುದು ಇದರ ಲಕ್ಷಣಗಳಾಗಿರಬಹುದು.

ಎಲ್ಲದಕ್ಕೂ ಆಪರೇಷನ್ ಬೇಕಿಲ್ಲ. ಪ್ರೊಲ್ಯಾಕ್ಟಿನ್ ಹಾರ್ಮೋನು ಹೆಚ್ಚಿಸುವ ಗಡ್ಡೆ ಹೆಚ್ಚಾಗಿ ಮಾತ್ರೆಯಲ್ಲೇ ಕುಗ್ಗುತ್ತದೆ. ಮಕ್ಕಳಾಗಲಿಲ್ಲವೆಂದು ಸೊಸೆಯನ್ನು ದೂರುವ ಮೊದಲು ಗಂಡ ಹೆಂಡತಿ ಇಬ್ಬರೂ ಹಾರ್ಮೋನು ಪರೀಕ್ಷೆ ಮಾಡಿಸುವುದು ಒಳ್ಳೆಯದು.

ದೃಷ್ಟಿಯ ನರವನ್ನು ಒತ್ತುವ ಗಡ್ಡೆ, ಬೆಳವಣಿಗೆಯ ಹಾರ್ಮೋನು ಅಥವಾ ಕಾರ್ಟಿಸೋಲ್ ಹೆಚ್ಚಿಸುವ ಗಡ್ಡೆಗಳಿಗೆ ಸಾಮಾನ್ಯವಾಗಿ ಆಪರೇಷನ್ನೇ ಮೊದಲ ಚಿಕಿತ್ಸೆ. ಹೆಚ್ಚಿನವರಿಗೆ ತಲೆಬುರುಡೆ ತೆರೆಯದೆ, ಮೂಗಿನ ಮೂಲಕವೇ ಎಂಡೋಸ್ಕೋಪ್ ಬಿಟ್ಟು ಗಡ್ಡೆ ತೆಗೆಯುತ್ತಾರೆ. ಈ ಮೂಗಿನ ದಾರಿಯನ್ನು 1907ರಲ್ಲಿ ಮೊದಲು ಬಳಸಿದವರು ಆಸ್ಟ್ರಿಯಾದ ಸರ್ಜನ್ ಹರ್ಮನ್ ಶ್ಲೋಫರ್.

ಆಪರೇಷನ್ ಬಳಿಕ ಕೆಲವು ವಾರ ತಲೆ ಬಗ್ಗಿಸಬಾರದು, ಮೂಗು ಸೀನಬಾರದು, ಮೂಗಿಗೆ ನೀರೆಳೆಯಬಾರದು. ಅಂದರೆ ನಮಾಝ್ ಕುರ್ಚಿಯಲ್ಲಿ ಕುಳಿತು, ರುಕೂ ಮತ್ತು ಸುಜೂದ್ ಸನ್ನೆಯಲ್ಲಿ. ರೋಗಿಗೆ ದೀನ್‌ನಲ್ಲಿ ಈ ರಿಯಾಯಿತಿ ಇದೆ. ವುಝೂವಿನಲ್ಲಿ ಮೂಗಿಗೆ ನೀರೆಳೆಯುವುದು ಶಾಫಿ ಮದ್‌ಹಬ್‌ನಲ್ಲಿ ಸುನ್ನತ್, ಫರ್ಳ್ ಅಲ್ಲ. ಮೂಗಿನಿಂದ ತಿಳಿನೀರು ಸೋರಿದರೆ, ಜ್ವರದೊಂದಿಗೆ ತಲೆನೋವು ಬಂದರೆ, ವಿಪರೀತ ಬಾಯಾರಿಕೆಯಾಗಿ ಮತ್ತೆ ಮತ್ತೆ ಮೂತ್ರ ಹೋದರೆ ಕಾಯದೆ ಆಸ್ಪತ್ರೆಗೆ ಹೋಗಿ.

ಗಡ್ಡೆ ಸ್ವಲ್ಪ ಉಳಿದರೆ ಅಥವಾ ಮತ್ತೆ ಬೆಳೆದರೆ ವಿಕಿರಣ ಚಿಕಿತ್ಸೆ ಬೇಕಾಗಬಹುದು. ಸಾಮಾನ್ಯ ಪದ್ಧತಿಯಲ್ಲಿ ವಾರಕ್ಕೆ ಐದು ದಿನದಂತೆ ಐದಾರು ವಾರ ಕೊಡುತ್ತಾರೆ. ಗಾಮಾ ನೈಫ್‌ನಂಥ ವಿಧಾನದಲ್ಲಿ ಹೆಚ್ಚಾಗಿ ಒಂದೇ ದಿನದಲ್ಲಿ ಮುಗಿಯುತ್ತದೆ. ಆದರೆ ಗಡ್ಡೆ ದೃಷ್ಟಿಯ ನರಕ್ಕೆ ತೀರಾ ಹತ್ತಿರವಿದ್ದರೆ ಅದು ಹೊಂದದು. ವಿಕಿರಣದ ಪರಿಣಾಮ ನಿಧಾನ, ಹಾರ್ಮೋನು ಹತೋಟಿಗೆ ಬರಲು ವರ್ಷಗಳೇ ಬೇಕಾಗಬಹುದು. ಗ್ರಂಥಿ ಸೊರಗುವುದೂ ವರ್ಷಗಳ ನಂತರವೇ. ಆದ್ದರಿಂದ "ಈಗ ಹುಷಾರಾಗಿದ್ದೇನಲ್ಲ" ಎಂದು ರಕ್ತಪರೀಕ್ಷೆ ಬಿಡಬೇಡಿ.

ಗ್ರಂಥಿ ಸೊರಗಿದವರಿಗೆ ಹೈಡ್ರೋಕಾರ್ಟಿಸೋನ್ ಮಾತ್ರೆ ದಿನಕ್ಕೆ ಎರಡು ಮೂರು ಸಲ ಬೇಕು. "ರಮಝಾನ್ ಒಂದು ತಿಂಗಳು ಬಿಟ್ರೆ ಏನಾಗ್ತದೆ?" ಎಂದು ಕೇಳುವವರಿದ್ದಾರೆ. ವಾಂತಿಯಾಗಿ, ಬಿಪಿ ಕುಸಿದು ಪ್ರಾಣಕ್ಕೇ ಅಪಾಯವಾಗಬಹುದು. ನೋಂಬು ಹಿಡಿಯಬಹುದೇ, ಮಾತ್ರೆಯ ಹೊತ್ತು ಬದಲಿಸಬಹುದೇ ಎಂದು ಶಅಬಾನ್‌ನಲ್ಲೇ ಡಾಕ್ಟರರನ್ನು ಕೇಳಿ. ಅವರು ಬೇಡವೆಂದರೆ ಖಳಾ ವೀಟುವುದೋ ಫಿದ್ಯಾ ಕೊಡುವುದೋ ಎಂದು ಉಸ್ತಾದರಲ್ಲಿ ವಿಚಾರಿಸಿ. ಉಮ್ರಾಕ್ಕೆ ಹೊರಟರೆ ಮಾತ್ರೆ ಮತ್ತು ಡಾಕ್ಟರ್ ಚೀಟಿ ಲಗೇಜಿನಲ್ಲಿ ಬೇಡ, ಕೈಚೀಲದಲ್ಲೇ ಇರಲಿ.