ಲೈಮನ್ ಬೀಚರನ ಸಂಸಾರ ಮತ್ತು ಧರ್ಮಸೇವೆ

ಅಮೆರಿಕದ ಇತಿಹಾಸವನ್ನು ವ್ಯಾಸಂಗ ಮಾಡುವ ವಿದ್ಯಾರ್ಥಿಗಳಿಗೆ ಹ್ಯಾರಿಯೆಟ್ ಬೀಚರ್ ಸ್ಟೋವಳ ಹೆಸರು ಅಪರಿಚಿತವಾದುದಲ್ಲ. 1852ರಲ್ಲಿ ಪುಸ್ತಕರೂಪವಾಗಿ ಹೊರಬಂದ ಆಕೆಯ ‘ಅಂಕಲ್ ಟಾಮ್ಸ್ ಕ್ಯಾಬಿನ್’ ಕಾದಂಬರಿಯು ಗುಲಾಮಗಿರಿಯ ವಿರುದ್ಧ ಉತ್ತರ ಸಂಸ್ಥಾನಗಳ ಜನಾಭಿಪ್ರಾಯವನ್ನು ಹೇಗೆ ಬಡಿದೆಬ್ಬಿಸಿತೆಂಬುದು ಸುವಿದಿತವಾಗಿದೆ. ಆದರೆ ಆಕೆಯ ತಂದೆಯಾದ ಲೈಮನ್ ಬೀಚರನು, ತನ್ನ ಕಾಲದಲ್ಲಿ ಮಗಳಿಗಿಂತ ಎಷ್ಟೋ ಮೊದಲೇ ಪ್ರಸಿದ್ಧನಾಗಿದ್ದರೂ, ಇಂದು ಆಕೆಯ ಚರಿತ್ರೆಯ ಪೀಠಿಕೆಯಲ್ಲಿ ಮಾತ್ರ ಕಾಣಿಸಿಕೊಳ್ಳುತ್ತಾನೆ. ಗುಲಾಮಗಿರಿಯ ಪ್ರಶ್ನೆ ಎದುರಾದಾಗ ಈ ಪಾದ್ರಿಯು ಹಿಂಜರಿದನು. ಅವನ ಮಕ್ಕಳಲ್ಲಿ ಹಲವರು ಮುಂದೆ ನಡೆದರು. ಒಂದೇ ಮನೆಯಲ್ಲಿ ಈ ಎರಡೂ ಹೇಗೆ ಸಾಧ್ಯವಾದುವು ಎಂಬುದನ್ನು ಈ ಲೇಖನದಲ್ಲಿ ಪರಿಶೀಲಿಸೋಣ.

ಮೊದಲಿಗೆ ಒಂದು ಮಾತನ್ನು ಸ್ಪಷ್ಟಪಡಿಸಿಕೊಳ್ಳುವುದು ಅಗತ್ಯ. ಪ್ರೆಸ್ಬಿಟೇರಿಯನ್ ಪಂಥದಲ್ಲಿ ಬಿಷಪ್ಪರ ಅಧಿಕಾರವಿಲ್ಲ. ಸಭೆಯವರು ಆರಿಸಿದ ಹಿರಿಯರೂ ಪಾದ್ರಿಗಳೂ ಕೂಡಿ ಆಡಳಿತವನ್ನು ನಡೆಸುತ್ತಾರೆ. ಒಂದು ಪ್ರದೇಶದ ಚರ್ಚುಗಳ ಮೇಲೆ ಪ್ರೆಸ್ಬಿಟರಿ, ಅದರ ಮೇಲೆ ಸಿನಡ್, ಎಲ್ಲಕ್ಕೂ ಮೇಲೆ ಮಹಾಸಭೆ ಎಂಬ ಶ್ರೇಣಿಯಿರುತ್ತದೆ. ನ್ಯೂ ಇಂಗ್ಲೆಂಡಿನ ಕಾಂಗ್ರಿಗೇಷನಲ್ ಪಂಥದಲ್ಲಿಯಾದರೋ ಪ್ರತಿಯೊಂದು ಸಭೆಯೂ ಸ್ವತಂತ್ರ. ಆಡಳಿತದಲ್ಲಿ ಹೀಗೆ ಭೇದವಿದ್ದರೂ ಎರಡೂ ಪಂಥಗಳು ಕ್ಯಾಲ್ವಿನನ ಬೋಧೆಯಿಂದ ಬಂದವು. 1801ರಲ್ಲಿ ಆದ ಒಪ್ಪಂದವೊಂದರಿಂದ ಒಂದು ಪಂಥದ ಪಾದ್ರಿಯು ಮತ್ತೊಂದರ ಸಭೆಯಲ್ಲಿ ಸೇವೆ ಮಾಡುವುದು ಸುಲಭವಾಯಿತು. ಬೀಚರನು ಎರಡರಲ್ಲಿಯೂ ದುಡಿದವನು.

ಅವನು ಹುಟ್ಟಿದುದು 1775ರ ಅಕ್ಟೋಬರ್ 12ರಂದು, ಕನೆಕ್ಟಿಕಟ್ಟಿನ ನ್ಯೂ ಹೇವನ್ ಪಟ್ಟಣದಲ್ಲಿ. ತಂದೆ ಡೇವಿಡ್ ಬೀಚರನು ಕಮ್ಮಾರ. ಮಗು ಹುಟ್ಟಿದ ಕೆಲವೇ ದಿನಗಳಲ್ಲಿ ತಾಯಿಯು ಕ್ಷಯರೋಗದಿಂದ ತೀರಿಕೊಂಡಳು. ಹುಡುಗನು ಬಂಧುಗಳ ಹೊಲಮನೆಯಲ್ಲಿ ಬೆಳೆದು, ಯೇಲ್ ಕಾಲೇಜನ್ನು ಸೇರಿ, ಅಲ್ಲಿನ ಅಧ್ಯಕ್ಷನಾಗಿದ್ದ ಟಿಮೊಥಿ ಡ್ವೈಟನ ಪ್ರಭಾವಕ್ಕೆ ಒಳಗಾಗಿ 1797ರಲ್ಲಿ ಪದವೀಧರನಾದನು. 1799ರಲ್ಲಿ ಲಾಂಗ್ ಐಲೆಂಡಿನ ಈಸ್ಟ್ ಹ್ಯಾಂಪ್ಟನ್ ಎಂಬ ಊರಿನ ಪ್ರೆಸ್ಬಿಟೇರಿಯನ್ ಸಭೆಯು ಅವನನ್ನು ಪಾದ್ರಿಯನ್ನಾಗಿ ಸ್ವೀಕರಿಸಿತು. ಅದೇ ವರ್ಷ ರಾಕ್ಸಾನಾ ಫೂಟಳೊಡನೆ ಅವನ ವಿವಾಹವಾಯಿತು.

ಅಲ್ಲಿ ಅವನಿಗೆ ದೊರೆತ ವೇತನ ಮೊದಲು ವರ್ಷಕ್ಕೆ 300 ಡಾಲರು, ಆಮೇಲೆ 400. ಸಂಸಾರ ಬೆಳೆದಂತೆ ಈ ಹಣ ಸಾಲದಾಯಿತು. ಓದುಬರಹಗಳಲ್ಲಿಯೂ ಚಿತ್ರಕಲೆಯಲ್ಲಿಯೂ ನುರಿತಿದ್ದ ರಾಕ್ಸಾನಾ ಮನೆಯಲ್ಲಿಯೇ ಹೆಣ್ಣುಮಕ್ಕಳಿಗೆ ಶಾಲೆಯನ್ನು ತೆರೆದು ಖರ್ಚನ್ನು ತೂಗಿಸಲು ನೆರವಾದಳು. ಗಂಡನು ಕೊಂಡು ತಂದ ಹತ್ತಿಯನ್ನು ತಾನೇ ನೂತು, ನೇಯಿಸಿ, ಅದರ ಮೇಲೆ ಹೂಗಳನ್ನು ಬರೆದು ಆಕೆ ಒಂದು ನೆಲಹಾಸನ್ನು ಮಾಡಿದಳು. ಭೇಟಿಗೆ ಬಂದ ಸಭೆಯ ಹಿರಿಯನೊಬ್ಬನು ಅದನ್ನು ತುಳಿಯಲಾರದೆ ಬಾಗಿಲಲ್ಲಿಯೇ ನಿಂತು, ಇಷ್ಟು ವೈಭವವನ್ನು ಅನುಭವಿಸಿ ಸ್ವರ್ಗವನ್ನೂ ಪಡೆಯಬಹುದೆಂದು ಎಣಿಸಿರುವಿರಾ ಎಂದು ಕೇಳಿದನಂತೆ. ಪಾದ್ರಿಯ ಮನೆಯೆಂದರೆ ಊರಿನ ಕಣ್ಣೆಲ್ಲ ನೆಟ್ಟಿರುತ್ತಿದ್ದ ಮನೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಅಲೆಗ್ಜಾಂಡರ್ ಹ್ಯಾಮಿಲ್ಟನ್ನನು 1804ರಲ್ಲಿ ದ್ವಂದ್ವಯುದ್ಧದಲ್ಲಿ ಮಡಿದ ತರುವಾಯ, ಆ ಪದ್ಧತಿಯನ್ನು ಖಂಡಿಸಿ ಬೀಚರನು ಮಾಡಿದ ಉಪದೇಶವು ಅವನ ಹೆಸರನ್ನು ಹೊರಪ್ರಾಂತಗಳಿಗೆ ಒಯ್ದಿತು. 1810ರಲ್ಲಿ ವೇತನದ ಕೊರತೆಯ ಕಾರಣದಿಂದಲೇ ಅವನು ಈಸ್ಟ್ ಹ್ಯಾಂಪ್ಟನ್ನನ್ನು ಬಿಟ್ಟು ಕನೆಕ್ಟಿಕಟ್ಟಿನ ಲಿಚ್‌ಫೀಲ್ಡಿಗೆ ಬಂದನು. ಅಲ್ಲಿ ಸಾರಾ ಪಿಯರ್ಸಳು ನಡೆಸುತ್ತಿದ್ದ ಬಾಲಿಕಾ ವಿದ್ಯಾಲಯದಲ್ಲಿ ಅವನು ಧರ್ಮಪಾಠವನ್ನು ಹೇಳುತ್ತಿದ್ದನು. ಅದಕ್ಕೆ ಪ್ರತಿಯಾಗಿ ಅವನ ಮಕ್ಕಳಿಗೆ ಶುಲ್ಕವಿಲ್ಲದೆ ವಿದ್ಯೆ ದೊರೆಯಿತು. ರಾಕ್ಸಾನಾ ಒಂಬತ್ತು ಮಕ್ಕಳನ್ನು ಹೆತ್ತು, ಅವರಲ್ಲಿ ಎಂಟು ಮಂದಿಯನ್ನು ಬಿಟ್ಟು, 1816ರಲ್ಲಿ ಕ್ಷಯದಿಂದ ತೀರಿಕೊಂಡಳು. ಮರುವರ್ಷ ಬೀಚರನು ಹ್ಯಾರಿಯೆಟ್ ಪೋರ್ಟರಳನ್ನು ಮದುವೆಯಾದನು. ಆಕೆಗೆ ನಾಲ್ವರು ಮಕ್ಕಳಾದರು. ಒಟ್ಟು ಹದಿಮೂವರಲ್ಲಿ ಹನ್ನೊಂದು ಮಂದಿ ಪ್ರಾಯಕ್ಕೆ ಬಂದರು.

ಈ ತಂದೆಯು ಮಕ್ಕಳನ್ನು ಬೆಳೆಸಿದ ರೀತಿಯು ನಮ್ಮ ಪ್ರಶ್ನೆಗೆ ಮುಖ್ಯವಾದುದು. ಚಳಿಗಾಲಕ್ಕೆಂದು ಸೇಬುಗಳನ್ನು ಸುಲಿಯುವಾಗಲೂ ಅವನು ದೈವಶಾಸ್ತ್ರದ ಒಂದು ಪ್ರಶ್ನೆಯನ್ನು ಎತ್ತುತ್ತಿದ್ದನು. ತಪ್ಪು ಪಕ್ಷವನ್ನು ಬೇಕೆಂದೇ ಹಿಡಿದು ಹುಡುಗರೊಡನೆ ವಾದಿಸುತ್ತಿದ್ದನು. ಅವರು ಸೋಲುವಂತೆ ಕಂಡರೆ ತನ್ನನ್ನು ಮಣಿಸುವ ಯುಕ್ತಿಯನ್ನು ತಾನೇ ತೋರಿಸಿಕೊಡುತ್ತಿದ್ದನು. ಗಂಡುಮಕ್ಕಳೆಲ್ಲರೂ ಪಾದ್ರಿಗಳಾಗಬೇಕೆಂಬುದು ಅವನ ಸಂಕಲ್ಪ. ಹ್ಯಾರಿಯೆಟಳ ಬುದ್ಧಿಯನ್ನು ಬಾಲ್ಯದಲ್ಲಿಯೇ ಗುರುತಿಸಿದ ಅವನು, ಆಕೆ ಗಂಡಾಗಿದ್ದರೆ ನೂರು ಡಾಲರುಗಳನ್ನಾದರೂ ಕೊಟ್ಟೇನು ಎಂದು ಬರೆದನು. ಪಾದ್ರಿಯ ಪೀಠವು ಹೆಣ್ಣಿಗೆ ಮುಚ್ಚಿದ್ದ ಕಾಲದಲ್ಲಿ ಹೆಣ್ಣುಮಕ್ಕಳೂ ಅದೇ ವಾದಗಳನ್ನು ಕೇಳುತ್ತಲೇ ಬೆಳೆದರು.

ಈ ಶಿಕ್ಷಣವು ತಂದೆಗೇ ತಿರುಗಿ ಬಂದುದು ಹಿರಿಯ ಮಗಳಾದ ಕ್ಯಾಥರಿನಳ ವಿಷಯದಲ್ಲಿ. ಆಕೆಗೆ ಯೇಲಿನ ಗಣಿತ ಪ್ರಾಧ್ಯಾಪಕನಾದ ಅಲೆಗ್ಜಾಂಡರ್ ಫಿಶರನೊಡನೆ ಮದುವೆ ನಿಶ್ಚಯವಾಗಿತ್ತು. 1822ರ ಏಪ್ರಿಲಿನಲ್ಲಿ ಅವನು ಪ್ರಯಾಣ ಮಾಡುತ್ತಿದ್ದ ಹಡಗು ಐರ್ಲೆಂಡಿನ ತೀರದಲ್ಲಿ ಒಡೆದು, ಅವನು ನೀರುಪಾಲಾದನು. ದೈವಕೃಪೆಯಿಂದ ಹೃದಯಪರಿವರ್ತನೆಯಾದ ಅನುಭವವಿಲ್ಲದೆ ಸತ್ತವನಿಗೆ ಮುಕ್ತಿಯಿಲ್ಲವೆಂಬುದು ಅಂದಿನ ಬೋಧೆ. ಫಿಶರನಿಗೆ ಆ ಅನುಭವವಾಗಿರಲಿಲ್ಲ. ಮಗಳ ಶೋಕವನ್ನು ಆಕೆಯ ಪರಿವರ್ತನೆಗೆ ಒದಗಿದ ಸಂದರ್ಭವೆಂದು ತಿಳಿದು ತಂದೆಯು ಕಾಗದಗಳ ಮೂಲಕ ಒತ್ತಾಯಿಸಿದನು. ಫಿಶರನ ದಿನಚರಿಗಳನ್ನು ಓದಿದ ಕ್ಯಾಥರಿನಳಿಗಾದರೋ ಅವನು ವರ್ಷಗಟ್ಟಲೆ ಪ್ರಾಮಾಣಿಕವಾಗಿ ಆ ಅನುಭವಕ್ಕಾಗಿ ಹಂಬಲಿಸಿದ್ದನೆಂಬುದು ತಿಳಿದುಬಂದಿತು. ಹಂಬಲಿಸಿದವನನ್ನು ತಿರಸ್ಕರಿಸುವ ದೇವರು ನ್ಯಾಯವಂತನು ಹೇಗೆ ಎಂಬ ಆಕೆಯ ಪ್ರಶ್ನೆಗೆ ತಂದೆಯಲ್ಲಿ ಸಮಾಧಾನಕರವಾದ ಉತ್ತರವಿರಲಿಲ್ಲ. ಆಕೆ ಮಣಿಯಲಿಲ್ಲ. 1823ರಲ್ಲಿ ಹಾರ್ಟ್‌ಫರ್ಡಿನಲ್ಲಿ ಶಾಲೆಯನ್ನು ತೆರೆದು, ಸ್ತ್ರೀಶಿಕ್ಷಣಕ್ಕೆ ತನ್ನ ಬಾಳನ್ನು ಮುಡಿಪಿಟ್ಟಳು.

ಇತ್ತ ಬೀಚರನ ಕೀರ್ತಿ ಏರುತ್ತಿತ್ತು. ಕನೆಕ್ಟಿಕಟ್ಟಿನಲ್ಲಿ 1818ರ ಸಂವಿಧಾನವು ಕಾಂಗ್ರಿಗೇಷನಲ್ ಚರ್ಚಿಗಿದ್ದ ರಾಜ್ಯಾಶ್ರಯವನ್ನು ಕೊನೆಗೊಳಿಸಿತು. ಮೊದಲು ಅದರಿಂದ ಕಂಗೆಟ್ಟ ಅವನು, ಚರ್ಚು ಸ್ವಂತ ಬಲದ ಮೇಲೆ ನಿಲ್ಲುವಂತಾದುದೇ ಲೇಸಾಯಿತೆಂದು ಮುಂದೆ ಒಪ್ಪಿಕೊಂಡನು. ರಾಜ್ಯದ ಬದಲು ಸ್ವಯಂಸೇವಾ ಸಂಘಗಳೇ ಧರ್ಮದ ಆಸರೆಯಾದುವು. ಮದ್ಯಪಾನದ ವಿರುದ್ಧ ಅವನು ಮಾಡಿದ ಆರು ಉಪದೇಶಗಳು ಪಾನನಿರೋಧ ಚಳವಳಿಗೆ ಆಧಾರಗ್ರಂಥವಾದುವು. 1826ರಲ್ಲಿ ಯೂನಿಟೇರಿಯನ್ನರನ್ನು ಎದುರಿಸಲು ಬಾಸ್ಟನ್ನಿನ ಹ್ಯಾನೋವರ್ ಬೀದಿಯ ಚರ್ಚಿಗೆ ಅವನನ್ನು ಕರೆಸಿಕೊಂಡರು. ಅವನ ವಾಕ್ಚಾತುರ್ಯಕ್ಕೆ ಕತ್ತಲೆಯ ಮುಖವೂ ಒಂದಿತ್ತು. 1834ರ ಆಗಸ್ಟ್ 11ರ ರಾತ್ರಿ ಬಾಸ್ಟನ್ನಿನ ನೆರೆಯ ಚಾರ್ಲ್ಸ್‌ಟೌನಿನಲ್ಲಿ ಗುಂಪೊಂದು ಕ್ಯಾಥೊಲಿಕ್ ಸಂನ್ಯಾಸಿನಿಯರ ಮಠವನ್ನು ಸುಟ್ಟಿತು; ಅದರ ಹಿಂದಿನ ದಿನವಷ್ಟೇ ಅವನು ಬಾಸ್ಟನ್ನಿನಲ್ಲಿ ಕ್ಯಾಥೊಲಿಕರ ವಿರುದ್ಧ ಉಪದೇಶಿಸಿದ್ದನು. ಗುಂಪನ್ನು ಪ್ರಚೋದಿಸುವಲ್ಲಿ ಆ ಮಾತುಗಳ ಪಾಲು ಎಷ್ಟೆಂಬುದರಲ್ಲಿ ಇತಿಹಾಸಕಾರರಿಗೆ ಏಕಾಭಿಪ್ರಾಯವಿಲ್ಲ. ಆದರೂ ಅವನ ಚರಿತ್ರೆಯಿಂದ ಈ ಪ್ರಸಂಗವನ್ನು ಬಿಡುವಂತಿಲ್ಲ.

ಆ ವೇಳೆಗೆ ಅವನು ಸಂಸಾರಸಮೇತನಾಗಿ ಪಶ್ಚಿಮಕ್ಕೆ ಹೋಗಿಯಾಗಿತ್ತು. 1832ರಲ್ಲಿ ಓಹಾಯೊ ಪ್ರಾಂತದ ಸಿನ್ಸಿನಾಟಿಯ ಲೇನ್ ದೈವಶಾಸ್ತ್ರ ವಿದ್ಯಾಲಯದ ಅಧ್ಯಕ್ಷನೂ ಅಲ್ಲಿನ ಎರಡನೆಯ ಪ್ರೆಸ್ಬಿಟೇರಿಯನ್ ಚರ್ಚಿನ ಪಾದ್ರಿಯೂ ಆದನು. ನದಿಯ ಆಚೆಯ ದಡದಲ್ಲಿದ್ದ ಕೆಂಟಕಿಯು ಗುಲಾಮಗಿರಿಯ ನಾಡು. 1834ರ ಫೆಬ್ರವರಿಯಲ್ಲಿ ಥಿಯೊಡೋರ್ ವೆಲ್ಡನ ಮುಂದಾಳತನದಲ್ಲಿ ವಿದ್ಯಾರ್ಥಿಗಳು ಹದಿನೆಂಟು ಸಂಜೆಗಳ ಕಾಲ ಚರ್ಚಿಸಿ, ಗುಲಾಮರ ಬಿಡುಗಡೆ ತಕ್ಷಣವೇ ಆಗಬೇಕೆಂಬ ನಿರ್ಣಯಕ್ಕೆ ಬಂದರು. ಊರಿನ ಕರಿಯ ಜನರಿಗೆ ಪಾಠಶಾಲೆಗಳನ್ನೂ ನಡೆಸತೊಡಗಿದರು. ಬೀಚರನಿಗೆ ಗುಲಾಮಗಿರಿಯು ಪಾಪವೆಂಬುದರಲ್ಲಿ ಸಂಶಯವಿರಲಿಲ್ಲ. ಆದರೆ ತಕ್ಷಣದ ಬಿಡುಗಡೆಯನ್ನು ಕೇಳುವವರನ್ನೂ, ಬಿಡುಗಡೆ ಹೊಂದಿದವರನ್ನು ಆಫ್ರಿಕಕ್ಕೆ ಕಳುಹಿಸಬೇಕೆನ್ನುವವರನ್ನೂ ಒಟ್ಟಿಗೆ ನಡೆಸಬಹುದೆಂದು ಅವನು ನಂಬಿದ್ದನು. ಅವನು ನಿಧಿಸಂಗ್ರಹಕ್ಕಾಗಿ ಪೂರ್ವಪ್ರಾಂತಗಳಿಗೆ ಹೋಗಿದ್ದಾಗ ಆಡಳಿತ ಮಂಡಲಿಯು ವಿದ್ಯಾರ್ಥಿಗಳ ಸಂಘವನ್ನು ನಿಷೇಧಿಸಲು ಮುಂದಾಯಿತು. ಬೀಚರನು ಆ ಕ್ರಮವನ್ನು ಬಲವಾಗಿ ಪ್ರತಿಭಟಿಸಲಿಲ್ಲ. ಬಹುಪಾಲು ವಿದ್ಯಾರ್ಥಿಗಳು ಲೇನನ್ನು ತೊರೆದರು. ಅವರಲ್ಲಿ ಅನೇಕರು ಓಬರ್ಲಿನ್ನಿಗೆ ಹೋದರು. 1835ರಿಂದ ವರ್ಣಭೇದವಿಲ್ಲದೆ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಲು ಓಬರ್ಲಿನ್ ಒಪ್ಪಿದುದು ಈ ಘಟನೆಯ ಫಲ.

ಸುಧಾರಕರಿಗೆ ಮಂದಗಾಮಿಯಾಗಿ ಕಂಡ ಇವನೇ ಸಂಪ್ರದಾಯಸ್ಥರಿಗೆ ಪಾಷಂಡಿಯಾಗಿ ಕಂಡನು. ದೇವರ ಆಜ್ಞೆಯನ್ನು ಪಾಲಿಸುವ ಸಹಜಶಕ್ತಿ ಮನುಷ್ಯನಿಗಿದೆಯೆಂದು ಬೋಧಿಸಿ ಮೂಲಪಾಪದ ತತ್ತ್ವವನ್ನು ಸಡಿಲಿಸಿದನೆಂಬುದು ಸಿನ್ಸಿನಾಟಿಯ ಇನ್ನೊಬ್ಬ ಪಾದ್ರಿ ಜೋಷುವ ವಿಲ್ಸನ್ನನು ಹೊರಿಸಿದ ಆರೋಪ. 1835ರ ಜೂನಿನಲ್ಲಿ ಪ್ರೆಸ್ಬಿಟರಿಯು ವಿಚಾರಣೆ ನಡೆಸಿ ಅವನನ್ನು ಖುಲಾಸೆ ಮಾಡಿತು. ಸಿನಡ್ ಕೂಡ ಅವನನ್ನು ದೋಷಿಯೆನ್ನಲಿಲ್ಲ. ವಿಚಾರಣೆ ಮುಗಿದ ಕೆಲವೇ ವಾರಗಳಲ್ಲಿ ಎರಡನೆಯ ಹೆಂಡತಿಯೂ ತೀರಿಕೊಂಡಳು. 1837ರಲ್ಲಿ ಪ್ರೆಸ್ಬಿಟೇರಿಯನ್ ಚರ್ಚು ಹಳೆಯ ಪಂಗಡ, ಹೊಸ ಪಂಗಡಗಳೆಂದು ಒಡೆದಾಗ ಅವನು ಹೊಸ ಪಂಗಡದೊಡನೆ ನಿಂತನು.

ಬದುಕುಳಿದ ಏಳು ಗಂಡುಮಕ್ಕಳೂ ತಂದೆಯ ಸಂಕಲ್ಪದಂತೆ ಪಾದ್ರಿಗಳೇ ಆದರು. ಅವರಲ್ಲಿ ಹೆನ್ರಿ ವಾರ್ಡನು 1847ರಿಂದ ಬ್ರೂಕ್ಲಿನ್ನಿನ ಪ್ಲಿಮತ್ ಚರ್ಚಿನಲ್ಲಿ ದೈವಕೋಪಕ್ಕಿಂತ ದೈವಪ್ರೇಮವನ್ನೇ ಬೋಧಿಸಿ ದೇಶವಿಖ್ಯಾತನಾದನು. ಜೇಮ್ಸನು ಅಂತರ್ಯುದ್ಧದಲ್ಲಿ ಕರಿಯ ಸೈನಿಕರ ದಳವೊಂದನ್ನು ನಡೆಸಿದನು. ಹ್ಯಾರಿಯೆಟಳು 1836ರಲ್ಲಿ ಲೇನಿನ ಪ್ರಾಧ್ಯಾಪಕ ಕ್ಯಾಲ್ವಿನ್ ಸ್ಟೋವನನ್ನು ವಿವಾಹವಾದಳು. ಆಕೆಯು 1859ರ ‘ದಿ ಮಿನಿಸ್ಟರ್ಸ್ ವೂಯಿಂಗ್’ ಕಾದಂಬರಿಯಲ್ಲಿ ಅಕ್ಕನನ್ನು ಕಾಡಿದ ಪ್ರಶ್ನೆಯನ್ನೇ ಮತ್ತೆ ಎತ್ತಿದಳು. ಕಿರಿಯವಳಾದ ಇಸಬೆಲಳು ಸ್ತ್ರೀಯರ ಮತದಾನದ ಹಕ್ಕಿಗಾಗಿ ಹೋರಾಡಿದಳು.

ತಂದೆಯ ಸಂಕೋಚದ ನಿಲುವಿನಿಂದ ಮಕ್ಕಳು ಸಿಡಿದುಹೋದರೆಂದು ಹೇಳಿ ಇದನ್ನು ಮುಗಿಸುವುದು ಸುಲಭ. ನಮಗೆ ತೋರುವುದು ಬೇರೆ. ಮನುಷ್ಯನು ತನ್ನ ಕೃತ್ಯಗಳಿಗೆ ತಾನೇ ಹೊಣೆ, ಪಾಪವನ್ನು ಇಂದೇ ಬಿಡಲು ಅವನು ಶಕ್ತನು ಎಂಬುದು ತಂದೆಯೇ ಕಲಿಸಿದ ಪಾಠ; ವಿಚಾರಣೆಗೆ ಗುರಿಯಾದುದೂ ಅದೇ ಪಾಠ. ಮದ್ಯದ ವಿಷಯದಲ್ಲಿ ಅವನು ಅದನ್ನು ಪೂರ್ತಿಯಾಗಿ ಅನ್ವಯಿಸಿದನು; ಗುಲಾಮಗಿರಿಯ ವಿಷಯದಲ್ಲಿ ವಿದ್ಯಾಲಯವೂ ಚರ್ಚಿನ ಐಕ್ಯವೂ ಒಡೆಯುವುದೆಂದು ಅಂಜಿ ತಡೆದುನಿಂತನು. ರಕ್ಷಿಸಬೇಕಾದ ಸಂಸ್ಥೆಗಳ ಭಾರವಿಲ್ಲದ ಮಕ್ಕಳು ವಾದವನ್ನು ಅದರ ಕೊನೆಯವರೆಗೆ ಒಯ್ದರು.

ಇಲ್ಲಿ ಆಕರಗಳ ಬಗ್ಗೆ ಒಂದು ಎಚ್ಚರಿಕೆಯೂ ಅಗತ್ಯ. ಬೀಚರನ ‘ಆತ್ಮಚರಿತ್ರೆ’ಯೆಂದು 1860ರ ದಶಕದಲ್ಲಿ ಪ್ರಕಟವಾದ ಗ್ರಂಥವು ಮಕ್ಕಳು ವೃದ್ಧನಿಂದ ಹೇಳಿಸಿ ಬರೆದುಕೊಂಡ ನೆನಪುಗಳನ್ನೂ ಮನೆಯ ಕಾಗದಗಳನ್ನೂ ಮಗ ಚಾರ್ಲ್ಸನು ಸಂಪಾದಿಸಿದುದು. ಸೇಬು ಸುಲಿಯುವ ಚಿತ್ರವು ಅದರಲ್ಲಿ ಬರುವುದು ಮಕ್ಕಳ ಪ್ರೀತಿಯ ಸ್ಮರಣೆಯಾಗಿ. ಓದುವವರು ಈ ಮಾತನ್ನು ಮರೆಯಬಾರದು. ಆದರೆ ಕ್ಯಾಥರಿನಳ ವಿವಾದದ ಕಾಗದಗಳನ್ನು ಮರೆಮಾಡದೆ ಆ ಗ್ರಂಥದಲ್ಲಿಯೇ ಸೇರಿಸಿರುವುದು ಆ ಮನೆಯವರ ಪ್ರಾಮಾಣಿಕತೆಗೆ ಸಾಕ್ಷಿಯಾಗಿದೆ.

ಕಡೆಯ ವರ್ಷಗಳಲ್ಲಿ ಬೀಚರನು ಬ್ರೂಕ್ಲಿನ್ನಿನಲ್ಲಿ, ಹೆನ್ರಿಯ ಮನೆಯ ಸಮೀಪದಲ್ಲಿ, ಮೂರನೆಯ ಹೆಂಡತಿ ಲಿಡಿಯಾಳೊಡನೆ ವಾಸವಾಗಿದ್ದನು. ಆಗ ಅವನ ಸ್ಮೃತಿಶಕ್ತಿ ಬಹಳ ಕುಗ್ಗಿತ್ತು. 1863ರ ಜನವರಿ 1ರಂದು ಲಿಂಕನ್ನನ ವಿಮೋಚನಾ ಘೋಷಣೆಯು ಜಾರಿಗೆ ಬಂದಿತು. ಅದೇ ತಿಂಗಳ 10ರಂದು ಲೈಮನ್ ಬೀಚರನು ಮೃತನಾದನು.